ಹೊಸೂರು ಕಡೆಯ ಸಾಮೆ, ಹೊರನಾಡಿನ ಕ್ವಿನೋವಾ

ಬೆಂಗಳೂರಿನಿಂದ ಹೊಸೂರು ಸುಮಾರು 40 ಕಿಲೋಮೀಟರು. ನಮ್ಮ ಅಜ್ಜನ ಕಾಲದಲ್ಲಿ ಅದು ಎತ್ತಿನ ಗಾಡಿಯ ದಾರಿ. ರಾತ್ರಿ ಹೊರಟರೆ ಬೆಳಗಿನ ಸಂತೆಗೆ ತಲುಪುತ್ತಿದ್ದರಂತೆ. ಅವರು ಅಲ್ಲಿ ರಾಗಿ, ಹುರುಳಿ, ಸಾಮೆ, ಹುಚ್ಚೆಳ್ಳು ಕೊಂಡು ತಂದು ಇಲ್ಲಿಯ ಅಂಗಡಿಯಲ್ಲಿ ಮಾರುತ್ತಿದ್ದರು. ಈಗ ಅದೇ ದಾರಿಯಲ್ಲಿ ಮೇಲ್ಸೇತುವೆಗಳಿವೆ, ಕಾರ್ಖಾನೆಗಳಿವೆ, ಕಣ್ಣು ಹಾಯುವಷ್ಟು ದೂರ ಲಾರಿಗಳ ಸಾಲಿದೆ. ಅಜ್ಜನ ಮೊಮ್ಮಕ್ಕಳಾದ ನಾವು ಅದೇ ಧಾನ್ಯದ ವ್ಯಾಪಾರದಲ್ಲಿದ್ದರೂ ಆ ದಾರಿಯಲ್ಲಿ ಧಾನ್ಯಕ್ಕಾಗಿ ಹೋಗಿ ಬಹಳ ವರ್ಷಗಳಾಗಿದ್ದವು. ನಮ್ಮನ್ನು ಮತ್ತೆ ಆ ದಾರಿ ಹಿಡಿಸಿದ್ದು ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ. ಇಂಥದೇ ಸಂಗತಿ ಇನ್ನೂ ಕೆಲವು ಶ್ರಾವಕರ ಮನೆಗಳಲ್ಲಿ ನಡೆದಿರಬಹುದು. ಆದ್ದರಿಂದ ಅದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಅಮ್ಮನ ಪಟ್ಟಿ

ನಮ್ಮ ಅಮ್ಮನಿಗೆ ಈಗ ಎಪ್ಪತ್ತೆಂಟು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷಗಳಾದವು. ಕಳೆದ ಚಾತುರ್ಮಾಸದಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಅಂಶ ಏರಿತ್ತು. ವೈದ್ಯರು ಅನ್ನವನ್ನು ಅರ್ಧಕ್ಕೆ ಇಳಿಸಲು ಹೇಳಿ, ಅದರ ಬದಲು ಕ್ವಿನೋವಾ ಅಥವಾ ಅಂಥ ಬೇರೆ ಧಾನ್ಯ ಕೊಡಿ ಎಂದರು. ಅಂದೇ ಸಂಜೆ ಮಗಳು ಒಂದು ಪೊಟ್ಟಣ ತಂದಳು. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಚಪ್ಪಟೆಯಾದ, ತಿಳಿಹಳದಿ ಬಣ್ಣದ ಕಾಳು. ಬೆಲೆ ನೋಡಿ ನಾವು ವ್ಯಾಪಾರಸ್ಥರೇ ಹುಬ್ಬೇರಿಸಿದೆವು.

ಅಮ್ಮ ಅಂಗೈಯಲ್ಲಿ ಕಾಳು ಹಾಕಿಕೊಂಡು, ಬೆರಳಿನಿಂದ ಹರಡಿ ನೋಡಿದರು. "ಇದರ ಹೆಸರೇನಮ್ಮ?" ಎಂದರು. ಮಗಳು ಹೇಳಿದಳು. ಅಮ್ಮ ಎರಡು ಸಲ ಹೇಳಿ ನೋಡಿ, ಕಾಳನ್ನು ಪೊಟ್ಟಣಕ್ಕೆ ಹಾಕಿ, "ಇದು ನನ್ನ ಪಟ್ಟಿಯಲ್ಲಿ ಇಲ್ಲ ಮಗು" ಎಂದರು.

ಆ ಪಟ್ಟಿಯ ಸಂಗತಿ ಮೊಮ್ಮಗಳಿಗೆ ತಿಳಿದಿರಲಿಲ್ಲ. ನಮಗೂ ಮರೆತೇ ಹೋಗಿತ್ತು. ಶ್ರಾವಕರ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣ ವ್ರತವೂ ಒಂದು. ತಿನ್ನುವ, ಉಡುವ, ಬಳಸುವ ಪದಾರ್ಥಗಳಿಗೆ ತಾವೇ ಒಂದು ಮಿತಿ ಹಾಕಿಕೊಳ್ಳುವುದು ಅದರ ತಿರುಳು. ಅಮ್ಮ ಸುಮಾರು ಮೂವತ್ತು ವರ್ಷಗಳ ಹಿಂದೆ, ತಂದೆಯವರು ತೀರಿಕೊಂಡ ಮರುವರ್ಷ, ಮುನಿಗಳ ಮುಂದೆ ಈ ವ್ರತ ತೆಗೆದುಕೊಂಡಿದ್ದರು. ಧಾನ್ಯಗಳ ಮಟ್ಟಿಗೆ ಒಂಬತ್ತು ಹೆಸರುಗಳನ್ನು ಹಳೆಯ ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದರು. ಆ ಒಂಬತ್ತರ ಹೊರಗಿನದನ್ನು ಅವರು ಈವರೆಗೆ ಬಾಯಿಗೆ ಹಾಕಿದವರಲ್ಲ. ಓಟ್ಸ್ ಮನೆಗೆ ಬಂದಾಗಲೂ ಅಷ್ಟೆ, ಮೆಕ್ಕೆಜೋಳ ಬಂದಾಗಲೂ ಅಷ್ಟೆ.

ಇದರಿಂದ ಆದದ್ದೇನೆಂದರೆ, ವೈದ್ಯರ ಮಾತಿನಂತೆ ಅಮ್ಮ ಅನ್ನವನ್ನು ಅರ್ಧ ಮಾಡಿದರು; ಅದರ ಜಾಗದಲ್ಲಿ ಮತ್ತೇನನ್ನೂ ಇಡಲಿಲ್ಲ. ರಾಗಿ ಮುದ್ದೆ ಅವರಿಗೆ ಈಚೆಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಚಪಾತಿ ಅಗಿಯಲು ಹಲ್ಲಿಲ್ಲ. ಅಷ್ಟಮಿ, ಚತುರ್ದಶಿಗಳಲ್ಲಿ ಏಕಾಶನ ಬಿಡಲಿಲ್ಲ. ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿದರು. ಒಂದು ಚತುರ್ದಶಿಯ ಬೆಳಿಗ್ಗೆ ಬಸದಿಯ ಮೆಟ್ಟಿಲಲ್ಲಿ ತಲೆ ಸುತ್ತಿ ಕುಳಿತುಬಿಟ್ಟರು. ಆಗ ನಮಗೆ ಭಯವಾಯಿತು. "ವ್ರತ ದೊಡ್ಡದು ನಿಜ, ಆದರೆ ದೇಹವೂ ಧರ್ಮಸಾಧನವೇ ಅಲ್ಲವೆ?" ಎಂದು ನಾವು ವಾದಿಸಿದೆವು. ಅಮ್ಮ ಕೋಪ ಮಾಡಿಕೊಳ್ಳಲಿಲ್ಲ. ಖಾತೆ ಪುಸ್ತಕ ತರಿಸಿ ಕೊನೆಯ ಹಾಳೆ ತೆಗೆದು ನಮ್ಮ ಕೈಗೆ ಕೊಟ್ಟರು. ಅಕ್ಕಿ, ಗೋಧಿ, ರಾಗಿ, ಸಾಮೆ, ಹೆಸರು, ತೊಗರಿ, ಕಡಲೆ, ಉದ್ದು, ಹುರುಳಿ.

"ನಾಲ್ಕನೆಯದು ಓದಪ್ಪ" ಎಂದರು. "ಸಾಮೆ ಇದೆಯಲ್ಲ. ನಿಮ್ಮಜ್ಜ ಹೊಸೂರಿಂದ ತರ್ತಿದ್ರು. ಅದನ್ನ ತಂದುಕೊಡೋಕೆ ನಿಮಗೆ ಆಗಲ್ವಾ?"

ಧಾನ್ಯದ ಅಂಗಡಿ ಇಟ್ಟುಕೊಂಡ ಮಕ್ಕಳಿಗೆ ಇದಕ್ಕಿಂತ ನಾಚಿಕೆಯ ಮಾತು ಬೇಕೆ? ನಮ್ಮ ಅಂಗಡಿಯಲ್ಲಿ ಆಗ ಸಾಮೆ ಇರಲಿಲ್ಲ. ಪೇಟೆಯಲ್ಲಿ ಒಂದು ಕಡೆ ಕೊಂಡ ಪೊಟ್ಟಣದಲ್ಲಿ ಹುಳ ಹಿಡಿದಿತ್ತು. ಹುಳ ಹಿಡಿದ ಧಾನ್ಯ ನಮ್ಮ ಮನೆಗಳಲ್ಲಿ ಅಡುಗೆಗೂ ಆಗದು, ಬಿಸಿಲಿಗೆ ಸುರಿಯಲೂ ಮನಸ್ಸು ಬಾರದು. ನೆರಳಿನಲ್ಲಿ ಮೆಲ್ಲನೆ ಹರಡಿಟ್ಟು ಬಂದೆವು. ಮರುವಾರವೇ ಹೊಸೂರಿಗೆ ಹೊರಡುವುದೆಂದು ನಿಶ್ಚಯಿಸಿದೆವು. ಅಮ್ಮನೂ ಬರುತ್ತೇನೆಂದರು.

ಗಡಿಯ ಆಚೆಗೆ

ನವೆಂಬರಿನ ಕೊನೆಯ ಭಾನುವಾರ. ಸೂರ್ಯೋದಯವಾದ ಮೇಲೆ ತಿಂಡಿ ಮುಗಿಸಿ, ಸೋಸಿದ ನೀರನ್ನೂ ಬುತ್ತಿಯನ್ನೂ ಕಟ್ಟಿಕೊಂಡು ಹೊರಟೆವು. ಅತ್ತಿಬೆಲೆ ದಾಟಿದರೆ ಜೂಜುವಾಡಿ, ಅಲ್ಲಿಂದ ತಮಿಳುನಾಡು. ಅಂಗಡಿಗಳ ಫಲಕಗಳ ಲಿಪಿ ಬದಲಾಗುತ್ತದೆ, ಮಾತು ಮಾತ್ರ ಥಟ್ಟನೆ ಬದಲಾಗುವುದಿಲ್ಲ. ಹೊಸೂರು ಎಂಬ ಹೆಸರೇ ಕನ್ನಡದ ಹೊಸ ಊರು. 1956ರ ಭಾಷಾವಾರು ಪ್ರಾಂತ್ಯ ರಚನೆಯ ಕಾಲದಲ್ಲಿ ಈ ಸೀಮೆ ಮದ್ರಾಸು ರಾಜ್ಯದಲ್ಲೇ ಉಳಿಯಿತು. ಮೊದಲು ಸೇಲಂ ಜಿಲ್ಲೆಗೆ, 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಹೊಸದಾಗಿ ರಚಿತವಾದ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗಲಿಯಲ್ಲಿ ಕೇಳುತ್ತವೆ. ರಾಜಾಜಿಯವರು ಹುಟ್ಟಿದ ತೊರಪಳ್ಳಿ ಹೊಸೂರಿಗೆ ಸಮೀಪದಲ್ಲೇ ಇದೆ.

ಊರೊಳಗೆ ಹೆಚ್ಚು ನಿಲ್ಲಲಿಲ್ಲ. ಚಂದ್ರಚೂಡೇಶ್ವರ ಬೆಟ್ಟವನ್ನು ಅಮ್ಮ ಕಾರಿನಿಂದಲೇ ಗುರುತಿಸಿದರು. ಅವರು ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ತಂದೆಯ ಗಾಡಿಯಲ್ಲಿ ಕುಳಿತು ಇಲ್ಲಿಯ ಸಂತೆಗೆ ಬಂದಿದ್ದರಂತೆ. ಎರಡೂ ಮನೆಯವರು ಧಾನ್ಯದವರೇ. ನಮ್ಮ ಇಬ್ಬರು ಅಜ್ಜಂದಿರ ಪರಿಚಯವಾದದ್ದೂ ಇದೇ ಸಂತೆಯಲ್ಲಿ. "ಬೆಟ್ಟ ಮಾತ್ರ ಹಾಗೇ ಇದೆ" ಎಂದರು ಅಮ್ಮ. 1970ರ ದಶಕದಿಂದ ಸಿಪ್‌ಕಾಟ್ ಕೈಗಾರಿಕಾ ವಸಾಹತು ಬೆಳೆದು, ಹೊಸೂರು ಕಾರ್ಖಾನೆಗಳ ಊರಾಗಿದೆ. ಸುತ್ತಲ ಹೊಲಗಳಲ್ಲಿ ಹಸಿರು ಪರದೆಯ ಮನೆಗಳೊಳಗೆ ಗುಲಾಬಿ ಬೆಳೆಯುತ್ತಾರೆ. ಶೂಳಗಿರಿಯ ಕಡೆ ಕೊತ್ತಂಬರಿ, ಪುದಿನ. ರಾಯಕೋಟೆಯ ಕಡೆ ಟೊಮೇಟೊ. ಇವೆಲ್ಲ ವಾರಕ್ಕೋ ತಿಂಗಳಿಗೋ ದುಡ್ಡು ಕಾಣಿಸುವ ಬೆಳೆಗಳು. ನೂರು ದಿನ ಮಳೆಗೆ ಬಾಯಿ ತೆರೆದು ನಿಲ್ಲುವ ಸಾಮೆಗೆ ಅಲ್ಲಿ ಜಾಗ ಉಳಿಯದಿರುವುದರಲ್ಲಿ ಆಶ್ಚರ್ಯವಿಲ್ಲ.

ಹೊಲದ ಬದಿಯಲ್ಲಿ

ಪರಿಚಯದ ವ್ಯಾಪಾರಿಯೊಬ್ಬರು ಹೇಳಿದಂತೆ ಡೆಂಕಣಿಕೋಟೆ ದಾಟಿ ಅಂಚೆಟ್ಟಿಯ ಕಡೆಗೆ ಸ್ವಲ್ಪ ದೂರ ಹೋದೆವು. ಅಲ್ಲಿ ನೆಲ ಏರಿಳಿಯುತ್ತದೆ, ಕಾಡು ಹತ್ತಿರ ಬರುತ್ತದೆ. ರಾಗಿಯ ಕೊಯ್ಲು ನಡೆದಿತ್ತು. ತೆನೆಯ ರಾಶಿ ಕಣದಲ್ಲಿತ್ತು. ಸಾಮೆಯ ಕೊಯ್ಲು ಮುಗಿದು, ಹುಲ್ಲು ಬಣವೆಯಾಗಿತ್ತು. ಒಂದು ಮನೆಯ ಜಗಲಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಮೊರದಲ್ಲಿ ಸಾಮೆ ಕೇರುತ್ತಿದ್ದರು. ಅಮ್ಮ ಕಾರು ನಿಲ್ಲಿಸಲು ಹೇಳಿ, ನಾವು ಇಳಿಯುವ ಮೊದಲೇ ಅಲ್ಲಿ ಹೋಗಿ ಕುಳಿತಿದ್ದರು.

"ನಮ್ ಕಡೆ ಸಾಮೆ ಬಿತ್ತೋರು ಕಮ್ಮಿ ಆಗೋದ್ರು ಕಣವ್ವ" ಎಂದರು ಆಕೆ. "ಮನೆಗೆ ಅಂತ ಒಂದಿಷ್ಟು ಹಾಕ್ತೀವಿ. ಬೆಳೆಯೋದು ಕಷ್ಟ ಅಲ್ಲ, ಕುಟ್ಟೋದು ಕಷ್ಟ. ನಮ್ ಕಾಲದಾಗೆ ಕೋಳಿ ಕೂಗೋ ಹೊತ್ಗೆ ಎದ್ದು ಒನಕೆ ಹಿಡಿಯೋದು. ಈಗಿನ ಹುಡುಗೀರು ಮಾಡ್ತಾರಾ? ಮಾಡ್ಬಾರ್ದು ಬುಡು."

ಈ ಮಾತಿನಲ್ಲಿ ಸಾಮೆಯ ಕಥೆಯೆಲ್ಲ ಅಡಗಿದೆ. ರಾಗಿಯನ್ನು ಹಾಗೆಯೇ ಬೀಸಬಹುದು. ಸಾಮೆಗೆ ಗಟ್ಟಿ ಸಿಪ್ಪೆಯಿದೆ. ಅದನ್ನು ಬಿಡಿಸಿದರೆ ಮಾತ್ರ ಸಾಮೆ ಅಕ್ಕಿ. ಮೂರು ಸೇರು ಸಾಮೆ ಕುಟ್ಟಿದರೆ ಸುಮಾರು ಎರಡು ಸೇರು ಅಕ್ಕಿ ಸಿಗುತ್ತದೆ. ಕುಟ್ಟಿ, ಕೇರಿ, ಮತ್ತೆ ಕುಟ್ಟಿ, ಮತ್ತೆ ಕೇರಿ ಅರ್ಧ ದಿನ ಹೋಗುತ್ತದೆ. ಪಡಿತರದ ಅಕ್ಕಿ ಮನೆ ಬಾಗಿಲಿಗೆ ಬಂದ ಮೇಲೆ ಒನಕೆ ಮೂಲೆ ಸೇರಿದ್ದು ಹೆಂಗಸರಿಗೆ ಬಿಡುಗಡೆಯೇ ಆಯಿತು. ಅದನ್ನು ನಾವು ದೂರುವಂತಿಲ್ಲ. ಈಗ ಸಿಪ್ಪೆ ತೆಗೆಯುವ ಯಂತ್ರಗಳು ಬಂದಿವೆ. ಯಂತ್ರ ಹತ್ತಿರವಿರುವ ಕಡೆ ಸಾಮೆ ಮತ್ತೆ ಹೊಲಕ್ಕೆ ಬರುತ್ತಿದೆ ಎಂದು ಆಕೆಯ ಮಗ ಹೇಳಿದ.

ಈ ಸೀಮೆಗೆ ಸಾಮೆ, ರಾಗಿ ಎಷ್ಟು ಹತ್ತಿರವೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. ಕಾವೇರಿಪಟ್ಟಣದ ಬಳಿಯ ಪೈಯೂರಿನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಹೊರಬಂದ ಸಾಮೆ, ರಾಗಿ ತಳಿಗಳಿಗೆ ಪೈಯೂರು ಎಂದೇ ಹೆಸರು. 2023ರ ಮೇ ತಿಂಗಳಿನಲ್ಲಿ ತಮಿಳುನಾಡು ಸರ್ಕಾರ ನೀಲಗಿರಿ, ಧರ್ಮಪುರಿ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಗಳಲ್ಲಿ ಅಕ್ಕಿಯ ಬದಲು 2 ಕಿಲೋ ರಾಗಿ ಕೊಡುವ ಯೋಜನೆ ಆರಂಭಿಸಿತು. ಅದೇ 2023ನ್ನು ಭಾರತದ ಸಲಹೆಯಂತೆ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು.

ಆಕೆ ಒಂದು ಹಿಡಿ ಸಾಮೆ ಅಕ್ಕಿಯನ್ನು ಅಮ್ಮನ ಸೆರಗಿಗೆ ಹಾಕಿದರು. ಅಮ್ಮ ಮೂಸಿ ನೋಡಿ, ಎರಡು ಕಾಳು ಬಾಯಿಗೆ ಹಾಕಿಕೊಂಡು, "ಇದೇ" ಎಂದರು. ಅಷ್ಟೇ. ಎಪ್ಪತ್ತು ವರ್ಷಗಳ ಹಿಂದಿನ ರುಚಿ ಆ ಎರಡು ಕಾಳಿನಲ್ಲಿತ್ತೋ ಏನೋ, ಅವರ ಕಣ್ಣು ಒದ್ದೆಯಾಗಿತ್ತು. ಆ ಮನೆಯಿಂದಲೂ ಅಕ್ಕಪಕ್ಕದ ಎರಡು ಮನೆಗಳಿಂದಲೂ ಸೇರಿ 20 ಕಿಲೋ ಕೊಂಡೆವು. ಆಕೆ ಹೇಳಿದ ಬೆಲೆ ಕಡಿಮೆಯಾಯಿತೆಂದು ಅಮ್ಮನೇ ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೊಡಿಸಿದರು. ಕೊಳ್ಳುವವರೇ ಬೆಲೆ ಏರಿಸಿದ್ದನ್ನು ನಮ್ಮ ಅಂಗಡಿಯ ಇತಿಹಾಸದಲ್ಲಿ ನಾವು ಕಂಡದ್ದು ಅದೇ ಮೊದಲು.

ಕೃಷ್ಣಗಿರಿಯ ದಾರಿ

ಹೊರಟ ಮೇಲೆ ಕೆಲಮಂಗಲ, ರಾಯಕೋಟೆ ದಾರಿಯಾಗಿ ಕೃಷ್ಣಗಿರಿಗೆ ಬಂದೆವು. ರಾಯಕೋಟೆಯ ದುರ್ಗವನ್ನು ರಸ್ತೆಯಿಂದಲೇ ನೋಡಿದೆವು. ಕೃಷ್ಣಗಿರಿ ಎಂದರೆ ಮಾವು. ಬೇಸಿಗೆಯಲ್ಲಿ ಬಂದಿದ್ದರೆ ಮಾವಿನ ರಸದ ಕಾರ್ಖಾನೆಗಳ ಮುಂದೆ ತೋತಾಪುರಿ ತುಂಬಿದ ಲಾರಿಗಳ ಸಾಲು ಕಾಣುತ್ತಿತ್ತು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ಹೊಸೂರಿನ ಬಳಿ ಕೆಲವರಪಳ್ಳಿಯಲ್ಲೂ ಕೃಷ್ಣಗಿರಿಯ ಬಳಿಯೂ ಅಣೆಕಟ್ಟೆಗಳಲ್ಲಿ ನಿಂತು ಮುಂದೆ ಸಾಗುತ್ತದೆ.

ಹೆದ್ದಾರಿಯ ಬದಿಯಲ್ಲಿರುವ ಪಾರ್ಶ್ವ ಪದ್ಮಾವತಿ ತೀರ್ಥಧಾಮದಲ್ಲಿ ದರ್ಶನ ಮಾಡಿದೆವು. ಇದು ನಮ್ಮ ಕಾಲದ ಕ್ಷೇತ್ರ. ಆದರೆ ಈ ಸೀಮೆಗೆ ಜಿನಧರ್ಮ ಹೊಸದಲ್ಲ. ಇಲ್ಲಿಂದ ದಕ್ಷಿಣಕ್ಕಿರುವ ಧರ್ಮಪುರಿ ಹಿಂದಿನ ತಗಡೂರು. ಅಲ್ಲಿ ದೊರೆತ ನೊಳಂಬ ಮಹೇಂದ್ರನ ಕಾಲದ, ಒಂಬತ್ತನೆಯ ಶತಮಾನದ ಕೊನೆಯ ಭಾಗದ ಕನ್ನಡ ಶಾಸನವೊಂದು, ವರ್ತಕನೊಬ್ಬನ ಮಕ್ಕಳಾದ ನಿಧಿಯಣ್ಣ, ಚಂದಿಯಣ್ಣ ಎಂಬ ಸೋದರರು ಬಸದಿ ಕಟ್ಟಿಸಿದ್ದನ್ನು ಹೇಳುತ್ತದೆ. ಸಾವಿರದ ನೂರು ವರ್ಷಗಳ ಹಿಂದೆ ಈ ದಾರಿಯಲ್ಲಿ ನಮ್ಮಂಥ ವ್ಯಾಪಾರದವರು ಓಡಾಡಿದ್ದರು. ಅವರ ಮನೆಯಲ್ಲೂ ಸಾಯಂಕಾಲಕ್ಕೆ ಮುಂಚೆ ಒಲೆ ಆರುತ್ತಿದ್ದಿರಬೇಕು. ಅವರ ತಟ್ಟೆಯಲ್ಲೂ ಸಾಮೆಯೋ ರಾಗಿಯೋ ಇದ್ದಿರಬೇಕು ಎಂದುಕೊಂಡೆವು.

ನವೆಂಬರಿನಲ್ಲಿ ಅಲ್ಲಿ ಆರು ಗಂಟೆಯೊಳಗೇ ಸೂರ್ಯ ಮುಳುಗುತ್ತಾನೆ. ಐದಕ್ಕೆ ಮೊದಲೇ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಊಟ ಮುಗಿಸಿ, ಶೂಳಗಿರಿಯ ಮೇಲೆ ಹೆದ್ದಾರಿ ಹಿಡಿದು ಮನೆ ಸೇರಿದೆವು.

ಕ್ವಿನೋವಾ ಎಂದರೇನು?

ಸಾಮೆ ಬಂದ ಮೇಲೆ ಕ್ವಿನೋವಾ ಪೊಟ್ಟಣ ಏನಾಗಬೇಕು? ಮಗಳು ಪ್ರೀತಿಯಿಂದ ತಂದದ್ದು. ಎಸೆಯುವ ಮಾತೇ ಇಲ್ಲ. ಅಮ್ಮ, "ನನಗೆ ವ್ರತ. ನಿಮಗಿಲ್ಲ, ನೀವು ಉಣ್ಣಿ. ಆದರೆ ಏನು ಉಣ್ತೀರಿ ಅಂತ ತಿಳಿದು ಉಣ್ಣಿ" ಎಂದರು. ಅಭಕ್ಷ್ಯಗಳ ಪಟ್ಟಿಯಲ್ಲಿ ಅಜ್ಞಾತ ಫಲವೂ ಒಂದೆಂದು ನಮಗೆ ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹೆಸರು ಕುಲ ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಬಾರದು. ಆದ್ದರಿಂದ ಅದರ ಹೆಸರು ಕುಲ ವಿಚಾರಿಸಿದೆವು.

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು ಇದರ ತವರು. ಪೆರು, ಬೊಲಿವಿಯ ದೇಶಗಳಲ್ಲಿ, ಸಮುದ್ರಮಟ್ಟದಿಂದ ಮೂರು ನಾಲ್ಕು ಸಾವಿರ ಮೀಟರ್ ಎತ್ತರದ ಚಳಿಯ ನೆಲದಲ್ಲಿ, ಅಲ್ಲಿಯ ಜನ ಸಾವಿರಾರು ವರ್ಷಗಳಿಂದ ಇದನ್ನು ಬೆಳೆದು ಉಂಡಿದ್ದಾರೆ. ನಮ್ಮ ಸೀಮೆಯ ಬಡವರಿಗೆ ಸಾಮೆ ಹೇಗೋ ಅವರಿಗೆ ಅದು ಹಾಗೆ. ಇದು ಹುಲ್ಲಿನ ಜಾತಿಯ ಧಾನ್ಯವಲ್ಲ. ನಮ್ಮ ದಂಟಿನ ಸೊಪ್ಪು, ಪಾಲಕ್ ಇವುಗಳ ಕುಟುಂಬಕ್ಕೆ ಸೇರಿದ ಗಿಡದ ಬೀಜ. ಉತ್ತರದವರು ಬಥುವಾ ಎನ್ನುವ ಸೊಪ್ಪಂತೂ ಇದರ ಹತ್ತಿರದ ನೆಂಟ. ಗಿಡದ ಮೇಲೆ, ಬಿಸಿಲಿನಲ್ಲಿ ಬಲಿಯುವ ಬೀಜವಾದ್ದರಿಂದ ಕಂದಮೂಲದ ದೋಷವಿಲ್ಲ. ವಿಶ್ವಸಂಸ್ಥೆ 2013ನ್ನು ಅಂತರರಾಷ್ಟ್ರೀಯ ಕ್ವಿನೋವಾ ವರ್ಷವೆಂದು ಸಾರಿದ ಮೇಲೆ ಇದರ ಹೆಸರು ಎಲ್ಲೆಡೆ ಹಬ್ಬಿತು. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯೂ ಇದನ್ನು ನಮ್ಮ ರೈತರಿಗೆ ಪರಿಚಯಿಸುವ ಕೆಲಸ ಮಾಡಿತು.

ಗುಣದಲ್ಲಿ ಯಾವುದು ಹೆಚ್ಚು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ, 100 ಗ್ರಾಂ ಕ್ವಿನೋವಾದಲ್ಲಿ ಸುಮಾರು 13 ಗ್ರಾಂ ಪ್ರೋಟೀನು, ಸಾಮೆಯಲ್ಲಿ ಸುಮಾರು 10, ಅಕ್ಕಿಯಲ್ಲಿ 8, ರಾಗಿಯಲ್ಲಿ 7. ಆದರೆ ಸುಣ್ಣದ ಅಂಶದಲ್ಲಿ ರಾಗಿಯನ್ನು ಮೀರಿಸುವುದಿಲ್ಲ: 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿಗೂ ಹೆಚ್ಚು, ಅಕ್ಕಿಯಲ್ಲಿ ಹತ್ತೂ ಇಲ್ಲ. ಹೀಗೆ ಒಂದೊಂದಕ್ಕೆ ಒಂದೊಂದು ಗುಣ. ಸಕ್ಕರೆ ಕಾಯಿಲೆಯವರು ಒಂದು ಮಾತು ನೆನಪಿಡಬೇಕು. ಸಾಮೆಯಾಗಲಿ ಕ್ವಿನೋವಾವಾಗಲಿ ಔಷಧವಲ್ಲ. ಅವುಗಳಲ್ಲೂ ಪಿಷ್ಟವಿದೆ. ಅಳತೆ ಮೀರಿ ಉಂಡರೆ ಅನ್ನದಂತೆಯೇ ಸಕ್ಕರೆ ಏರುತ್ತದೆ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಏಕಾಶನ, ಉಪವಾಸದ ದಿನಗಳಲ್ಲಿ ಔಷಧದ ಪ್ರಮಾಣವೆಷ್ಟೆಂದು ವೈದ್ಯರನ್ನು ಮೊದಲೇ ಕೇಳಲೇಬೇಕು. ನಾವು ಅದನ್ನು ಕೇಳದೆ ಇದ್ದದ್ದರಿಂದಲೇ ಅಮ್ಮನಿಗೆ ಬಸದಿಯ ಮೆಟ್ಟಿಲಲ್ಲಿ ತಲೆ ಸುತ್ತಿದ್ದು ಎಂದು ಆಮೇಲೆ ತಿಳಿಯಿತು.

ಅಡುಗೆಯ ವಿಧಾನಗಳು

ಕ್ವಿನೋವಾ ತೊಳೆಯುವುದು: ಮೊದಲ ಸಲ ನಮ್ಮ ಮನೆಯವರು ಅಕ್ಕಿಯಂತೆ ಒಂದು ಸಲ ತೊಳೆದು ಬೇಯಿಸಿದರು. ಕಹಿಯಾಯಿತು. ಈ ಕಾಳಿನ ಮೇಲೆ ಸಪೋನಿನ್ ಎಂಬ ಕಹಿ ಪದರವಿದೆ. ನೀರಿಗೆ ಹಾಕಿದರೆ ಅಂಟುವಾಳದಂತೆ ನೊರೆ ಬರುತ್ತದೆ. ನೊರೆ ಹೋಗುವವರೆಗೂ ತೊಳೆಯಬೇಕು. ಕೊಳಾಯಿ ಬಿಟ್ಟು ತೊಳೆಯುವುದನ್ನು ಕಂಡು ಅಮ್ಮ, "ಒಂದು ಹಿಡಿ ಕಾಳಿಗೆ ಇಷ್ಟು ನೀರಿನ ಜೀವ ಯಾಕೆ?" ಎಂದು ಬೇರೆ ಉಪಾಯ ಹೇಳಿದರು. ಕಾಳನ್ನು ಮೊದಲು ತಟ್ಟೆಯಲ್ಲಿ ಹರಡಿ ನೋಡಿ, ತೆಳುವಾದ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಬೋಗುಣಿಯಲ್ಲಿ ಸೋಸಿದ ನೀರು ಹಾಕಿ ಗಂಟನ್ನು ಉಜ್ಜಬೇಕು. ಮೂರು ಬೋಗುಣಿ ನೀರಿನಲ್ಲಿ ನೊರೆ ನಿಲ್ಲುತ್ತದೆ. ಆ ನೀರನ್ನು ಗಿಡಕ್ಕೆ ಹಾಕಬಹುದು.

ಕ್ವಿನೋವಾ ಉಪ್ಪಿಟ್ಟು: ತೊಳೆದ ಕ್ವಿನೋವಾ 1 ಲೋಟ, ನೀರು 2 ಲೋಟ. ತುಪ್ಪದಲ್ಲಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವು ಒಗ್ಗರಣೆ ಕೊಟ್ಟು, ಹೆಚ್ಚಿದ ಹುರುಳಿಕಾಯಿ, ದಪ್ಪ ಮೆಣಸಿನಕಾಯಿ, ಬಿಡಿಸಿದ ಬಟಾಣಿ ಹಾಕಿ ಬಾಡಿಸಬೇಕು. ಬಟಾಣಿಯನ್ನು ಒಂದೊಂದೇ ಸಿಪ್ಪೆ ಬಿಡಿಸಿ ನೋಡಿ ಹಾಕುವುದನ್ನು ಮರೆಯಬಾರದು. ಈರುಳ್ಳಿ, ಆಲೂಗಡ್ಡೆ ಬೇಡ. ಬಾಳೆಕಾಯಿ ಸಣ್ಣಗೆ ಹೆಚ್ಚಿ ಹಾಕಿದರೆ ಅವುಗಳ ಕೊರತೆ ಕಾಣುವುದಿಲ್ಲ. ಹಸಿ ಶುಂಠಿಯ ಬದಲು ಚಿಟಿಕೆ ಒಣಶುಂಠಿ. ನೀರು ಕುದಿ ಬಂದ ಮೇಲೆ ಉಪ್ಪು, ಕ್ವಿನೋವಾ ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಬೇಕು. ಕಾಳು ಪಾರದರ್ಶಕವಾಗಿ, ಅದರ ಸುತ್ತಿನಿಂದ ಬಿಳಿಯ ಎಳೆಯೊಂದು ಬಾಲದಂತೆ ಬಿಚ್ಚಿಕೊಂಡರೆ ಬೆಂದಿತೆಂದು ಅರ್ಥ. ಈ ಬಾಲ ಕಂಡು ಹುಳವೆಂದು ಗಾಬರಿಯಾಗಬೇಕಿಲ್ಲ. ಅದು ಬೀಜದ ಮೊಳಕೆಯ ಭಾಗ. ಐದು ನಿಮಿಷ ಮುಚ್ಚಿಟ್ಟು, ನಿಂಬೆರಸ, ತೆಂಗಿನ ತುರಿ ಬೆರೆಸಬೇಕು.

ಕ್ವಿನೋವಾ ಮೊಸರನ್ನ: ಬೆಂದ ಕ್ವಿನೋವಾವನ್ನು ಆರಿಸಿ, ಹೊಸ ಮೊಸರು ಬೆರೆಸಿ, ಸಾಸಿವೆ, ಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಮಾತ್ರ ಕೊಡಬೇಕು. ಮೊಸರಿನ ಜೊತೆ ಬೇಳೆ ಸೇರಿದರೆ ದ್ವಿದಳ ದೋಷವಾದ್ದರಿಂದ ಕಡಲೆಬೇಳೆ, ಉದ್ದಿನಬೇಳೆ ಬೇಡ. ದಾಳಿಂಬೆ ಕಾಳು ಉದುರಿಸಿದರೆ ಮಕ್ಕಳು ಕೇಳಿ ಹಾಕಿಸಿಕೊಳ್ಳುತ್ತಾರೆ.

ಸಾಮೆ ಅನ್ನ: ಸಾಮೆ ಅಕ್ಕಿಯಲ್ಲಿ ಸಣ್ಣ ಕಲ್ಲು ಸಾಮಾನ್ಯ. ಹಗಲು ಬೆಳಕಿನಲ್ಲಿ ಆರಿಸಿ, ತೊಳೆದು, ಅರ್ಧ ಗಂಟೆ ನೆನೆಸಿ, 1 ಲೋಟಕ್ಕೆ ಎರಡೂವರೆ ಲೋಟ ನೀರಿಟ್ಟು ಬೇಯಿಸಬೇಕು. ಹತ್ತು ಹನ್ನೆರಡು ನಿಮಿಷ ಸಾಕು. ಹೆಚ್ಚು ಕದಡಿದರೆ ಗಂಜಿಯಾಗುತ್ತದೆ. ಬಿಸಿಯಾಗಿಯೇ ಉಣ್ಣಬೇಕು, ಆರಿದರೆ ಬಿರುಸು.

ಸಾಮೆ ಹುಗ್ಗಿ: ಹಲ್ಲಿಲ್ಲದ ಹಿರಿಯರಿಗೆ ಇದಕ್ಕಿಂತ ಹಿತವಾದದ್ದಿಲ್ಲ. ಸಾಮೆ 1 ಲೋಟ, ಹುರಿದ ಹೆಸರುಬೇಳೆ ಅರ್ಧ ಲೋಟ, ನೀರು ಐದು ಲೋಟ. ಮೆತ್ತಗೆ ಬೇಯಿಸಿ, ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು, ಗೋಡಂಬಿ, ಕರಿಬೇವು ಒಗ್ಗರಣೆ. ಅಮ್ಮನಿಗೆ ಏಕಾಶನದ ದಿನ ನಾವು ಮಾಡಿಕೊಡುವುದು ಇದನ್ನೇ. ಜೊತೆಗೆ ಹೀರೆಕಾಯಿ ಅಥವಾ ಸೋರೆಕಾಯಿ ಪಲ್ಯ.

ಸಾಮೆ ದೋಸೆ: ರಾತ್ರಿ ಹುದುಗಿಡದ ಮನೆಗಳಿಗೆ ಇದು ಅನುಕೂಲ. ಬೆಳಿಗ್ಗೆ ಸಾಮೆ ಮೂರು ಪಾಲು, ಉದ್ದು ಒಂದು ಪಾಲು ಎರಡು ಗಂಟೆ ನೆನೆಸಿ ರುಬ್ಬಿ, ಆಗಲೇ ತೆಳ್ಳಗೆ ಹುಯ್ಯಬೇಕು. ತೆಂಗಿನಕಾಯಿ ಚಟ್ನಿ ಇದಕ್ಕೆ ಒಪ್ಪುತ್ತದೆ.

ರಾಗಿ ಗಂಜಿ: ಪೇಟೆಯ ರಾಗಿ ಮಾಲ್ಟುಗಳು ಬಹುಪಾಲು ಮೊಳಕೆ ಬರಿಸಿದ ರಾಗಿಯವು. ಮೊಳಕೆ ಧಾನ್ಯ ಬಿಟ್ಟವರು ಪೊಟ್ಟಣ ಓದಿ ಕೊಳ್ಳಬೇಕು. ಹುರಿದ ರಾಗಿಯನ್ನು ಮನೆಯಲ್ಲೇ ಬೀಸಿಕೊಂಡರೆ ಆ ಚಿಂತೆಯಿಲ್ಲ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯೆಂದು ನಮ್ಮ ಹಿರಿಯರು ಇಟ್ಟ ಲೆಕ್ಕ. ಸ್ವಲ್ಪ ಸ್ವಲ್ಪವೇ ಬೀಸಿಕೊಳ್ಳುವುದು ಮೇಲು.

ಅಂಗಡಿಯ ಲೆಕ್ಕ

ಧಾನ್ಯ ಇಡುವುದರಲ್ಲೂ ಪಾಠ ಕಲಿತೆವು. ಸಿಪ್ಪೆಯಿರುವ ಸಾಮೆ, ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತವೆ. ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿ ಬರಗಾಲಕ್ಕೆ ಇಡುತ್ತಿದ್ದರು. ಆದರೆ ಸಿಪ್ಪೆ ತೆಗೆದ ಸಾಮೆ ಅಕ್ಕಿಯ ತೌಡಿನಲ್ಲಿ ಎಣ್ಣೆಯಂಶವಿರುವುದರಿಂದ ಎರಡು ಮೂರು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ, ಹುಳವೂ ಬೇಗ ಹಿಡಿಯುತ್ತದೆ. ಜೀವದಯೆಯ ದೃಷ್ಟಿಯಿಂದಲೂ ವ್ಯಾಪಾರದ ದೃಷ್ಟಿಯಿಂದಲೂ ತಿಂಗಳಿಗೆ ಬೇಕಾದಷ್ಟೇ ಸಿಪ್ಪೆ ತೆಗೆಸಿ ತರುವುದು ಸರಿ. ಅಂದು ಪೇಟೆಯ ಪೊಟ್ಟಣದಲ್ಲಿ ಹುಳ ಕಂಡು ನಾವು ಮಾರಿದವರನ್ನು ಬೈದುಕೊಂಡಿದ್ದೆವು. ನಮ್ಮ ಅಂಗಡಿಯಿಂದಲೂ ಅಂಥ ಪೊಟ್ಟಣ ಯಾರ ಮನೆಗೋ ಹೋಗಿರಬಹುದಲ್ಲ ಎಂಬ ಯೋಚನೆ ಆಮೇಲೆ ಬಂತು.

ಈಗ ನಮ್ಮ ಅಂಗಡಿಯಲ್ಲಿ ಎರಡೂ ಇವೆ. ಕೇಳುವವರಿಗೆ ಕ್ವಿನೋವಾ ಕೊಡುತ್ತೇವೆ. ತೊಳೆಯುವ ಕ್ರಮ ಹೇಳಿಕೊಡುತ್ತೇವೆ. 2013-14ರ ಸುಮಾರಿಗೆ ಹೊರದೇಶಗಳಲ್ಲಿ ಬೇಡಿಕೆ ಏರಿ ಅದರ ಬೆಲೆ ಆಕಾಶಕ್ಕೆ ಹೋಗಿ, ಆಮೇಲೆ ಕುಸಿದದ್ದನ್ನು ಓದಿದ ಮೇಲೆ, ಹೆಸರಿನ ಮೇಲೆ ನಡೆಯುವ ವ್ಯಾಪಾರಕ್ಕೆ ಹೆಚ್ಚು ಬಂಡವಾಳ ಹಾಕುವ ಆಸೆ ನಮಗಿಲ್ಲ. ಪಕ್ಕದಲ್ಲೇ ಸಾಮೆಯ ಚೀಲವಿದೆ. ಡೆಂಕಣಿಕೋಟೆಯ ಆಚೆಯ ಆ ಹಳ್ಳಿಯಿಂದ ತಿಂಗಳಿಗೊಮ್ಮೆ ಬರುತ್ತದೆ. ಲಾಭ ಹೆಚ್ಚಿಲ್ಲ. ಆದರೆ ಈ ವರ್ಷ ಇನ್ನೆರಡು ಮನೆಯವರು ಸಾಮೆ ಬಿತ್ತುತ್ತೇವೆಂದು ಹೇಳಿ ಕಳಿಸಿದ್ದಾರೆ. ಕೊಳ್ಳುವವರು ಇದ್ದಾರೆಂದು ಗೊತ್ತಾದರೆ ಬಿತ್ತುವವರು ಇರುತ್ತಾರೆ. ಅಜ್ಜನ ಗಾಡಿ ಓಡಿದ್ದೂ ಇದೇ ನಂಬಿಕೆಯ ಮೇಲೆ ತಾನೆ?

ಅಮ್ಮನ ತೂಕ ಇಳಿಯುವುದು ನಿಂತಿದೆ. ವೈದ್ಯರು ಏಕಾಶನದ ದಿನಗಳಿಗೆ ಮಾತ್ರೆಯ ಪ್ರಮಾಣ ಬದಲಿಸಿಕೊಟ್ಟಿದ್ದಾರೆ. ಸಾಮೆಯನ್ನೂ ಲೋಟದಲ್ಲಿ ಅಳೆದೇ ಹಾಕಬೇಕೆಂದು ಎಚ್ಚರಿಸಿದ್ದಾರೆ. ಅಮ್ಮನೂ ಅಳೆದೇ ಉಣ್ಣುತ್ತಾರೆ. ಅಳತೆ ಅವರಿಗೆ ಹೊಸದಲ್ಲ.

ನಮ್ಮ ಮನೆಗಳ ಹಿರಿಯರು ಯಾವುದಾದರೂ ಪದಾರ್ಥವನ್ನು ಬೇಡವೆಂದಾಗ, ಅದನ್ನು ಹಟವೆಂದು ತಿಳಿದು ವಾದಕ್ಕೆ ಇಳಿಯುವ ಮೊದಲು ಅವರ ಪಟ್ಟಿಯನ್ನು ಒಮ್ಮೆ ಕೇಳಿ ನೋಡಿ. ನಮಗೆ ಬೇಕಾದದ್ದು ಆ ಪಟ್ಟಿಯ ನಾಲ್ಕನೆಯ ಸಾಲಿನಲ್ಲೇ ಇತ್ತು. ಅದನ್ನು ತರಲು 40 ಕಿಲೋಮೀಟರು ದಾಟಿ ಇನ್ನಷ್ಟು ದೂರ ಹೋಗಬೇಕಾಗಿತ್ತು, ಅಷ್ಟೆ.

ಜೈ ಜಿನೇಂದ್ರ.